ಸೊಂಟದ ಮುರಿತ ಕೂಡಿಲ್ಲ, ಕ್ಯಾಲ್ಸಿಯಂ ಕೊಟ್ಟು ಕಾಯಬಹುದಾ?

ಪ್ರಶ್ನೆ: ಅಣ್ಣನಿಗೆ 46 ವರ್ಷ. ಸೊಂಟದ ಹತ್ತಿರ ತೊಡೆಮೂಳೆ ಮುರಿದು, ಸ್ಕ್ರೂ ಹಾಕಿ 7 ತಿಂಗಳಾಯಿತು. ಇನ್ನೂ ಕೂಡಿಲ್ಲ, ಮತ್ತೆ ಆಪರೇಷನ್ ಬೇಕು ಎನ್ನುತ್ತಾರೆ. ಕ್ಯಾಲ್ಸಿಯಂ ಜಾಸ್ತಿ ಕೊಟ್ಟು, ಮಲಗಿಸಿ ಕಾದರೆ ಆಗಲ್ವಾ?

ಉತ್ತರ: ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಕ್ಯಾಲ್ಸಿಯಂ ನಂಬಿಕೆ ಮತ್ತೆ ಎದ್ದು ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ತೊಡೆಮೂಳೆಯ ತುದಿಯಲ್ಲಿ ಗುಂಡು, ಅದರ ಕೆಳಗೆ ಕತ್ತು. ಗುಂಡಿಗೆ ರಕ್ತ ಹೋಗುವುದು ಮುಖ್ಯವಾಗಿ ಈ ಕತ್ತನ್ನು ಅಂಟಿಕೊಂಡ ಸಣ್ಣ ರಕ್ತನಾಳಗಳಿಂದ. ಕತ್ತು ಮುರಿದಾಗ ಅವೂ ಹರಿಯಬಹುದು. ಬೇರೆ ಮೂಳೆ ಮುರಿದರೆ ಅದರ ಮೇಲಿನ ಪೊರೆ ಸುತ್ತಲೂ ಹೊಸ ಮೂಳೆ ಕಟ್ಟುತ್ತದೆ. ಕತ್ತಿನ ಮೇಲೆ ಅಂಥ ಪೊರೆ ಇಲ್ಲ. ಸಾಲದ್ದಕ್ಕೆ, ಮುರಿದ ಜಾಗ ಕೀಲಿನ ದ್ರವದಲ್ಲಿ ನೆನೆಯುತ್ತಿರುತ್ತದೆ.

ಎಲ್ಲಕ್ಕಿಂತ ಮುಖ್ಯ, ಮುರಿತದ ಓರೆ. ಇಳಿಜಾರಿನಲ್ಲಿಟ್ಟ ಪೆಟ್ಟಿಗೆ ಜಾರುತ್ತದೆ ಅಲ್ವಾ? ಮುರಿತ ಕಡಿದಾಗಿದ್ದರೆ ಕಾಲೂರಿದಾಗಲೆಲ್ಲ ಒಂದು ತುಂಡು ಇನ್ನೊಂದರ ಮೇಲೆ ಜಾರುತ್ತದೆ. ಆಗಷ್ಟೇ ಹುಟ್ಟಿದ ಎಳೆ ಮೂಳೆ ಹರಿದುಹೋಗುತ್ತದೆ. ಮಾತ್ರೆ ಈ ಓರೆಯನ್ನು ಬದಲಿಸುತ್ತದಾ? ಮಲಗಿದರೂ ಬಿಡುವಿಲ್ಲ. ಮಗ್ಗುಲು ಬದಲಿಸಿದರೂ ಸ್ನಾಯುಗಳು ಅಲ್ಲೇ ಎಳೆಯುತ್ತವೆ. ಜೊತೆಗೆ ಸ್ನಾಯು ಸೊರಗುತ್ತದೆ, ಮೂಳೆ ತೆಳುವಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ವಿಟಮಿನ್ ಡಿ ಕಡಿಮೆ ಇದ್ದರೆ ಸರಿಪಡಿಸಲೇಬೇಕು, ಸಿಗರೇಟು ಬಿಡಲೇಬೇಕು. ಆದರೆ 6 ತಿಂಗಳು ದಾಟಿಯೂ ಕೂಡದ ಕತ್ತು ಅಷ್ಟರಿಂದಲೇ ಕೂಡುವುದಿಲ್ಲ.

ಇದು ಬಲಗಳ ಲೆಕ್ಕ ಎಂದು ಜರ್ಮನಿಯ ಸರ್ಜನ್ ಪೌವೆಲ್ಸ್ 1935ರಲ್ಲೇ ತೋರಿಸಿದರು. ಅವರ ಉಪಾಯ ನನಗೆ ಇಂದಿಗೂ ಬೆರಗು. ಮುರಿತದ ಕೆಳಗೆ, ಚೆನ್ನಾಗಿರುವ ಮೂಳೆಯಿಂದ ಬೆಣೆಯಾಕಾರದ ಚೂರು ತೆಗೆದು, ಮೇಲಿನ ಭಾಗವನ್ನು ವಾಲಿಸಿ ಪ್ಲೇಟ್ ಹಾಕುತ್ತಾರೆ. ಕಡಿದಾಗಿದ್ದ ಮುರಿತ ಮಟ್ಟಸವಾಗುತ್ತದೆ. ಜಾರಿಸುತ್ತಿದ್ದ ಭಾರವೇ ಈಗ ತುಂಡುಗಳನ್ನು ಒತ್ತಿ ಹಿಡಿಯುತ್ತದೆ. ಎಷ್ಟೋ ಸಲ ಮುರಿದ ಜಾಗವನ್ನು ತೆರೆಯುವುದೇ ಬೇಕಾಗುವುದಿಲ್ಲ. ಗಿಡ್ಡವಾಗಿದ್ದ ಕಾಲು ಸ್ವಲ್ಪ ಉದ್ದವೂ ಆಗುತ್ತದೆ. ನಿಮ್ಮ ಅಣ್ಣನ ವಯಸ್ಸಿನಲ್ಲಿ, ಗುಂಡು ಜೀವಂತವಾಗಿದ್ದರೆ, ಮೊದಲು ಯೋಚಿಸುವುದು ಇದನ್ನೇ. ಕತ್ತು ಸವೆದು ಸಂದಿ ಬಿದ್ದಿದ್ದರೆ ಮೊಣಕಾಲಿನ ಕೆಳಗಿನ ತೆಳು ಮೂಳೆಯ ತುಂಡನ್ನೂ ಅಲ್ಲಿ ಕೂರಿಸುತ್ತಾರೆ.

ಗುಂಡು ಕುಸಿದಿದ್ದರೆ ಅಥವಾ ವಯಸ್ಸು ಜಾಸ್ತಿಯಾಗಿದ್ದರೆ ಕೀಲು ಬದಲಾವಣೆ. ಯಾವುದೇ ಆಪರೇಷನ್‌ಗೆ ಮೊದಲು ಒಳಗೆ ಸೋಂಕಿಲ್ಲ ಎಂದು ಖಚಿತವಾಗಬೇಕು. ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಬರೆದುಕೊಟ್ಟರೆ ಸುಮ್ನೆ ಖರ್ಚು ಅಂದುಕೊಳ್ಳಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲಿ ವಯಸ್ಸಾದವರು ಸುಮ್ನೆ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಾರಾ? ಅವರ ಇನ್ನೊಂದು ಬದಿಯನ್ನು ಯಾರಾದರೂ ವಿಚಾರಿಸಿದ್ದಾರಾ? ಒಂದು ಸೊಂಟ ಮುರಿದವರಿಗೆ ಇನ್ನೊಂದು ಮುರಿಯುವ ಸಾಧ್ಯತೆ ಹೆಚ್ಚು. ಕ್ಯಾಲ್ಸಿಯಂ, ವಿಟಮಿನ್ ಡಿ ಕೆಲಸಕ್ಕೆ ಬರುವುದು ಇಲ್ಲಿ, ಅದೂ ಮೂಳೆ ಸವೆತ ತಡೆಯುವ ಔಷಧಿಯ ಜೊತೆಗೆ. ಹೊಲಿಗೆ ಬಿಚ್ಚಿಸಲು ಹೋದಾಗಲೇ ಆ ಔಷಧಿಯ ಬಗ್ಗೆ ಡಾಕ್ಟರನ್ನು ಕೇಳಿ.