ಐಪಿ ಸೆಟ್ಟಿನ ಐಪಿ, ಐಪಿ 55ರ ಐಪಿ: ಎರಡೂ ಒಂದೇನಾ?

ಪ್ರಶ್ನೆ: ಹೊಸ ಮೋಟರಿನ ಪ್ಲೇಟಿನ ಮೇಲೆ ‘ಐಪಿ 55’ ಅಂತಿದೆ. ಇದು ಐಪಿ ಸೆಟ್ಟಿಗೆ ಕೊಡುವ ನಂಬರಾ? 68 ಇರುವುದನ್ನೇ ಕೇಳಿ ತರಬೇಕಿತ್ತಾ?

ಉತ್ತರ: ಸಂಬಂಧವೇ ಇಲ್ಲ. ಎಸ್ಕಾಂನವರ ಐಪಿ ಎಂದರೆ ಇರಿಗೇಷನ್ ಪಂಪ್. ಕಂಪ್ಯೂಟರಿನವರ ಐಪಿ ಇಂಟರ್ನೆಟ್ ಪ್ರೋಟೊಕಾಲ್. ಪ್ಲೇಟಿನ ಮೇಲಿರುವುದು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದ ಐಪಿ; ಹೊರಕವಚವು ಧೂಳು, ನೀರನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ಹೇಳುತ್ತದೆ. ಎಲ್ಲರೂ ಅದನ್ನು ‘ಇಂಗ್ರೆಸ್ ಪ್ರೊಟೆಕ್ಷನ್’ ಅನ್ನುತ್ತಾರೆ. ಮಾನಕದೊಳಗೆ ಬರೆದಿರುವುದು ‘ಇಂಟರ್‌ನ್ಯಾಷನಲ್ ಪ್ರೊಟೆಕ್ಷನ್’.

ಐವತ್ತೈದು ಅಂತ ಓದಬೇಡಿ, ಐದು-ಐದು ಅಂತ ಓದಿ. ಮೊದಲನೆಯದು ಧೂಳಿನದು, 6ರವರೆಗೆ ಹೋಗುತ್ತದೆ. ಎರಡನೆಯದು ನೀರಿನದು, 9ರವರೆಗೆ.

ಈಗ ಎಷ್ಟು ಸಲ ಹೇಳಿದರೂ ಸಾಯದ ನಂಬಿಕೆಗೆ ಬರೋಣ: ‘ನಂಬರ್ ದೊಡ್ಡದಿದ್ದರೆ ಚಿಕ್ಕದೆಲ್ಲ ಅದರಲ್ಲೇ ಬಂತು.’ ಧೂಳಿನ ಅಂಕೆಗೆ ಇದು ಸರಿ. ನೀರಿನ ಅಂಕೆಗೆ 6ರವರೆಗೆ ಮಾತ್ರ ಸರಿ. 5ರ ಪರೀಕ್ಷೆಯಲ್ಲಿ 6.3 ಮಿ.ಮೀ. ನಾಜಲ್‌ನಿಂದ ನಿಮಿಷಕ್ಕೆ 12.5 ಲೀಟರ್ ನೀರು ಹೊಡೆಯುತ್ತಾರೆ, 6ಕ್ಕೆ 12.5 ಮಿ.ಮೀ. ನಾಜಲ್, ನಿಮಿಷಕ್ಕೆ 100 ಲೀಟರ್. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸುವುದು. 8ಕ್ಕೆ ಆಳ, ಹೊತ್ತು ಎರಡನ್ನೂ ತಯಾರಕರೇ ಹೇಳಬೇಕು. ಮುಳುಗಿದಾಗ ನೀರು ಸುತ್ತಲೂ ಒಂದೇ ಸಮ ಒತ್ತುತ್ತದೆ. ಜೆಟ್ ಹಾಗಲ್ಲ, ಗ್ಯಾಸ್ಕೆಟ್ಟಿನ ಒಂದೇ ಅಂಚಿಗೆ ಹೊಡೆದು ಅದನ್ನು ಎಬ್ಬಿಸಬಲ್ಲದು. ಅದಕ್ಕೇ ಎರಡೂ ಪರೀಕ್ಷೆ ಪಾಸಾದ ವಸ್ತುವಿನ ಮೇಲೆ ‘ಐಪಿ 66/ಐಪಿ 68’ ಎಂದು ಎರಡನ್ನೂ ಬರೆಯುತ್ತಾರೆ. ಬರೀ 68 ಇರುವ ಮೊಬೈಲನ್ನು ಸರ್ವಿಸ್ ಸ್ಟೇಷನ್ನಿನ ಗನ್ನಿಗೆ ಹಿಡಿದು, ಆಮೇಲೆ ಕಂಪನಿಯನ್ನು ಬೈದರೆ ಏನು ಬಂತು?

ಹಾಗಾಗಿ ಬೋರ್‌ವೆಲ್ ಒಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟರಿಗೆ ನೀರಿನ ಅಂಕೆ 8 ಇರಲೇಬೇಕು. ಬಾವಿಯ ದಡದಲ್ಲಿ ಕೂರುವ ಮೋನೋಬ್ಲಾಕಿಗೆ (ಮೋಟರ್, ಪಂಪ್ ಒಂದೇ ಆಗಿರುವುದು) 55 ಸಾಕು, ಮಳೆಗೂ ಹೆದರಬೇಕಿಲ್ಲ.

ಸ್ಟಾರ್ಟರ್ ಡಬ್ಬಿಯ ಮೇಲೆ 55 ಇದ್ದರೂ ನೀವೇ ಅದನ್ನು ಸೊನ್ನೆ ಮಾಡಬಹುದು. ಮೇಲ್ಗಡೆ ತೂತು ಕೊರೆದು, ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂತು ಸಂದಿ ಮುಚ್ಚುವ ಬಿಡಿಭಾಗ) ಹಾಕದೆ ಕೇಬಲ್ ತೂರಿಸಿದರೆ ಮುಗಿಯಿತು. ಮಳೆನೀರು ಕೇಬಲ್ ಹಿಡಿದು ಒಳಗಿಳಿಯುತ್ತದೆ, ಹಲ್ಲಿಯೂ ಹೊಕ್ಕು ಕಾಂಟ್ಯಾಕ್ಟರಿನಲ್ಲಿ (ಮೋಟರಿಗೆ ಕರೆಂಟ್ ಹಾಯಿಸುವ ಸ್ವಿಚ್) ಸಿಕ್ಕಿಕೊಳ್ಳುತ್ತದೆ. ಕೇಬಲ್ ಡಬ್ಬಿಗಿಂತ ಕೆಳಗೆ ಜೋತು, ತಳದ ಗ್ಲ್ಯಾಂಡಿನಿಂದ ಮೇಲೆ ಬರಲಿ. ಬಳಸದ ತೂತುಗಳಿಗೆ ಪ್ಲಗ್ ಹಾಕಿ.

ಅದೇ ಪ್ಲೇಟಿನಲ್ಲಿ ‘3.7/5’ ಅಂತಲೂ ಇರುತ್ತದೆ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. 3.7 ಕಿಲೋವ್ಯಾಟ್ ಎಂದರೆ 5 ಎಚ್‌ಪಿ; ಒಂದು ಎಚ್‌ಪಿಗೆ 746 ವ್ಯಾಟ್. ಆದರೆ ಇದು ಶಾಫ್ಟಿನಲ್ಲಿ ಸಿಗುವ ಶಕ್ತಿ, ಲೈನಿನಿಂದ ಎಳೆಯುವುದಲ್ಲ. ಮೋಟರಿನ ದಕ್ಷತೆ ಶೇ. 80 ಇದ್ದರೆ ಅದು ಎಳೆಯುವುದು ಸುಮಾರು 4.6 ಕಿಲೋವ್ಯಾಟ್. ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಎಚ್‌ಪಿ ನೋಡಿ ಅಂದಾಜಿಗೆ ತಿರುಗಿಸಬೇಡಿ. ಪಕ್ಕದಲ್ಲೇ ಆಂಪಿಯರ್ ಬರೆದಿರುತ್ತದೆ, ಅಷ್ಟಕ್ಕೇ ಇಡಿ. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ (ಮೊದಲು ಕಡಿಮೆ ಕರೆಂಟಿನಲ್ಲಿ ಎಬ್ಬಿಸಿ, ಆಮೇಲೆ ಪೂರ್ತಿ ಕೊಡುವುದು) ರಿಲೇ ವೈಂಡಿಂಗ್ ಕಡೆಯ ವೈರಿನಲ್ಲಿದ್ದರೆ ಮಾತ್ರ ಅದರ 0.58 ಪಾಲಿಗೆ.