ಕೆಲಸ ಸಿಕ್ಕ ಮೇಲೆ ಜೊತೆಗೆ ಯಾರು?

ಅಂಗವಿಕಲರ ಉದ್ಯೋಗದ ಲೆಕ್ಕ ಸಾಮಾನ್ಯವಾಗಿ ನೇಮಕಾತಿ ಪತ್ರದ ಹತ್ತಿರ ನಿಂತುಬಿಡುತ್ತದೆ. ಎಷ್ಟು ಮಂದಿ ಸೇರಿದರು ಎಂದು ಎಣಿಸುತ್ತೇವೆ. ಐದು ವರ್ಷದ ಮೇಲೆ ಅವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂದು ಕೇಳುವವರು ಕಡಿಮೆ.

ಈ ರೂಢಿ ಹಳೆಯದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಜರ್ಮನಿಯಂಥ ದೇಶಗಳು ಉದ್ಯೋಗ ಮೀಸಲಾತಿ ತಂದವು. 1944ರ ಕಾನೂನಿನಡಿ ಬ್ರಿಟನ್ ಶೇ 3ರ ಮೀಸಲಾತಿ ವಿಧಿಸಿತು. ಅದನ್ನು ಮುರಿದ ಮಾಲೀಕರ ಮೇಲೆ ಮೊಕದ್ದಮೆ ಹೂಡಿದ್ದು ತೀರ ಅಪರೂಪ. ಇನ್ನೊಂದು ದಾರಿಯೆಂದರೆ ಅಂಗವಿಕಲರಿಗಾಗಿಯೇ ಇದ್ದ ಪ್ರತ್ಯೇಕ ಕಾರ್ಯಾಗಾರಗಳು. ಅಮೆರಿಕದಲ್ಲಂತೂ ಅವರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ ಕೊಡಲು 1938ರ ಕಾನೂನೇ ಅವಕಾಶ ಮಾಡಿಕೊಟ್ಟಿತು. ‘ಮೊದಲು ತರಬೇತಿ, ತಯಾರಾದ ಮೇಲೆ ಹೊರಗೆ ಕೆಲಸ’ ಎಂಬುದು ಈ ಕಾರ್ಯಾಗಾರಗಳ ವಾದ. ಎಷ್ಟೋ ಜನರ ಪಾಲಿಗೆ ಆ ‘ತಯಾರಾದ’ ದಿನ ಬರಲೇ ಇಲ್ಲ. ಆಯುಷ್ಯವೆಲ್ಲ ಅಲ್ಲೇ ಕಳೆಯಿತು.

ಈ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಗೋಲ್ಡ್ ಮುಖ್ಯರು. ತೀವ್ರ ಬೌದ್ಧಿಕ ಅಂಗವೈಕಲ್ಯ ಇದ್ದವರೂ ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಸರಿಯಾಗಿ ಜೋಡಿಸಬಲ್ಲರು ಎಂದು 1970ರ ದಶಕದಲ್ಲಿ ಅವರು ತೋರಿಸಿಕೊಟ್ಟರು. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ ಕಲಿಸಿದ್ದೇ ಅವರ ವಿಧಾನ. ಕಲಿಯಲಿಲ್ಲವೆಂದರೆ ಕಲಿಸುವ ಕ್ರಮ ಬದಲಾಗಬೇಕು, ಕಲಿಯುವವನನ್ನು ದೂರಬಾರದು ಎಂಬ ಅವರ ನಿಲುವು ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ದೊಡ್ಡ ತಿರುವು.

ಮುಂದೆ ಅಮೆರಿಕದ ಸಂಶೋಧಕ ಪಾಲ್ ವೆಹ್ಮನ್ ಮತ್ತಿತರರು ಕ್ರಮವನ್ನೇ ತಿರುಗಿಸಿದರು. ಮೊದಲು ಎಲ್ಲರಂಥ ಜಾಗದಲ್ಲಿ, ಎಲ್ಲರಂಥ ಸಂಬಳಕ್ಕೆ ಕೆಲಸ, ತರಬೇತಿ ಅಲ್ಲೇ. ಪಕ್ಕದಲ್ಲಿ ನಿಂತು ಕಲಿಸಲು ಜಾಬ್ ಕೋಚ್. ‘ಬೆಂಬಲಿತ ಉದ್ಯೋಗ’ ಎಂಬ ಈ ಪದ್ಧತಿ 1984 ಮತ್ತು 1986ರಲ್ಲಿ ಅಮೆರಿಕದ ಕಾನೂನು ಸೇರಿತು. ಆದರೆ ಈ ಬೆಂಬಲಕ್ಕೆ ಪುನರ್ವಸತಿ ಇಲಾಖೆ ಕೊಡುವ ಹಣಕ್ಕೆ ಸಾಮಾನ್ಯವಾಗಿ 18 ತಿಂಗಳ ಗಡುವಿತ್ತು. 2014ರಲ್ಲಿ ಅದು 24 ತಿಂಗಳಾಯಿತು. ಅನಂತರದ ಖರ್ಚಿಗೆ ಬೇರೆ ಮೂಲ ಹುಡುಕಬೇಕು.

ತೊಡಕು ಇರುವುದು ಇಲ್ಲೇ. ಕೆಲಸ ಕೈತಪ್ಪುವ ಸಂದರ್ಭಗಳು ಗಡುವು ನೋಡಿಕೊಂಡು ಬರುವುದಿಲ್ಲ. ಅರ್ಥ ಮಾಡಿಕೊಂಡಿದ್ದ ಮೇಲ್ವಿಚಾರಕ ವರ್ಗವಾಗಿ ಹೋಗುತ್ತಾನೆ. ಹೊಸ ಸಾಫ್ಟ್‌ವೇರ್ ಬರುತ್ತದೆ, ಅದು ಅಂಧರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಓದಲು ಸಿಗುವುದಿಲ್ಲ. ಶಾಂತವಾಗಿದ್ದ ಮಾನಸಿಕ ಕಾಯಿಲೆ ಮೂರನೇ ವರ್ಷ ಮರುಕಳಿಸುತ್ತದೆ. ಇಂಥ ಹೊತ್ತಿನಲ್ಲಿ ಎರಡು ವಾರದ ನೆರವು, ಪಾಳಿಯಲ್ಲೊಂದು ಬದಲಾವಣೆ ಸಾಕಾಗಬಹುದು. ಅದಿಲ್ಲದೆ ರಾಜೀನಾಮೆ ಕೊಟ್ಟವರನ್ನು ‘ಹೊಂದಿಕೊಳ್ಳಲಿಲ್ಲ’ ಎಂದು ಬರೆದುಕೊಳ್ಳುವುದು ಅನ್ಯಾಯ.

ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಈ ಅರಿವು ಮೊದಲೇ ಇತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1955ರಲ್ಲೇ ಕೆಲಸ ಪಡೆಯುವುದರ ಜೊತೆಗೆ ಉಳಿಸಿಕೊಳ್ಳುವುದನ್ನೂ ಹೇಳಿತು. 1983ರಲ್ಲಿ ‘ಕೆಲಸದಲ್ಲಿ ಮುಂದೆ ಬರುವುದು’ ಎಂಬುದನ್ನೂ ಸೇರಿಸಿತು. ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 27ನೇ ವಿಧಿಯಲ್ಲೂ ಉಳಿಸಿಕೊಳ್ಳುವ, ಬಿಟ್ಟ ಕೆಲಸಕ್ಕೆ ಮರಳುವ ಮಾತಿದೆ.

ಆಚರಣೆಯಲ್ಲಿ ಇದಕ್ಕೆ ಹತ್ತಿರ ಬಂದದ್ದು ತೀವ್ರ ಮಾನಸಿಕ ಕಾಯಿಲೆ ಇರುವವರಿಗಾಗಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ 1990ರ ದಶಕದಲ್ಲಿ ರೂಪಿಸಿದ ‘ಐಪಿಎಸ್’ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಅಂದರೆ ವ್ಯಕ್ತಿಗೆ ತಕ್ಕ ಕೆಲಸ ಮತ್ತು ಬೆಂಬಲ) ಮಾದರಿ. ಬೆಂಬಲಕ್ಕೆ ಕಾಲಮಿತಿ ಇಲ್ಲ ಎಂಬುದು ಅದರ ತತ್ವಗಳಲ್ಲೊಂದು. ಒಬ್ಬ ಉದ್ಯೋಗ ತಜ್ಞರ ಪಾಲಿಗೆ 20ಕ್ಕಿಂತ ಹೆಚ್ಚು ಜನ ಇರಬಾರದು ಎಂದೂ ಅದು ಹೇಳುತ್ತದೆ. ಆ ಸಂಖ್ಯೆ ಮೀರಿದರೆ ತಜ್ಞರ ಹೊತ್ತೆಲ್ಲ ಹೊಸಬರಿಗೆ ಕೆಲಸ ಹುಡುಕುವುದರಲ್ಲೇ ಮುಗಿದು, ಈಗಾಗಲೇ ಕೆಲಸದಲ್ಲಿ ಇರುವವರ ಫೋನ್ ಎತ್ತಲು ಯಾರೂ ಇರುವುದಿಲ್ಲ.