ಕಲೆಗಿಂತ ಉಜ್ಜಿದ್ದೇ ಕೆಟ್ಟದ್ದು

ನನ್ನ ಡ್ರೈಕ್ಲೀನಿಂಗ್ ಅಂಗಡಿಗೆ ಬರುವ ರೇಷ್ಮೆ ಟೈಗಳಲ್ಲಿ ಕಲೆಯಿಂದ ಹಾಳಾದವು ಕಮ್ಮಿ. ಕಲೆ ತೆಗೆಯಲು ಹೋಗಿ ಹಾಳಾದವೇ ಜಾಸ್ತಿ. ಮೊನ್ನೆ ಒಬ್ಬರು ಬೋ ಟೈ ತಂದರು. ಕಡುಗೆಂಪು, ಕಡುನೀಲಿ ಪಟ್ಟೆ. ಲಂಡನ್‌ನಲ್ಲಿ ಕೊಂಡಿದ್ದಂತೆ. ರಿಸೆಪ್ಷನ್‌ನಲ್ಲಿ ಗ್ರೇವಿ ಬಿದ್ದಿದೆ, ತಕ್ಷಣ ಕರ್ಚೀಫ್ ಒದ್ದೆ ಮಾಡಿ ಉಜ್ಜಿದ್ದಾರೆ. ನೀಲಿಯ ಮೇಲೆ ಕಾಸಗಲ ಬಿಳಿ ಮಚ್ಚೆ.

"ಬಣ್ಣ ಹೋಯ್ತಾ ಸಾರ್?"

ಬಣ್ಣ ಹೋಗಿರಲಿಲ್ಲ. ಭೂತಗನ್ನಡಿ ಹಿಡಿದು ತೋರಿಸಿದೆ. ಈ ಬಟ್ಟೆಗೆ ರೆಪ್ ಎನ್ನುತ್ತಾರೆ, ಸಣ್ಣ ಸಣ್ಣ ಏಣು ಎದ್ದ ನೇಯ್ಗೆ. ಒದ್ದೆ ರೇಷ್ಮೆಗೆ ಬಲ ಕಮ್ಮಿ. ಉಜ್ಜಿದ ಕಡೆ ಏಣಿನ ಮೇಲಿನ ಎಳೆಗಳು ಕಿತ್ತು, ನವಿರು ಕೂದಲಿನಂತೆ ನಿಂತಿದ್ದವು. ಅಲ್ಲಿ ಬೆಳಕು ಚದುರುತ್ತದೆ, ನಮಗೆ ಬೆಳ್ಳಗೆ ಕಾಣುತ್ತದೆ. ಇದಕ್ಕೆ ನನ್ನ ಹತ್ತಿರವೂ ಮದ್ದಿಲ್ಲ.

ಅಂದ ಹಾಗೆ, ಆ ಎರಡು ಬಣ್ಣ ಸುಮ್ನೆ ಡಿಸೈನ್ ಅಲ್ಲ. ಬ್ರಿಟನ್ನಿನ ಅರಮನೆ ಕಾವಲು ಪಡೆಗಳಾದ ಹೌಸ್‌ಹೋಲ್ಡ್ ಡಿವಿಷನ್‌ನ ಗುರುತು. ಬ್ರಿಟಿಷ್ ಸೇನೆಯ ಬೇರೆ ಬೇರೆ ರೆಜಿಮೆಂಟುಗಳಿಗೂ ಹೀಗೆ ತಮ್ಮದೇ ಪಟ್ಟೆಗಳಿವೆ. ಆಯಾ ಪಡೆಯಲ್ಲಿ ಸೇವೆ ಮಾಡಿದವರಷ್ಟೇ ಕಟ್ಟಬೇಕೆಂಬುದು ರೂಢಿ, ಕಾನೂನಲ್ಲ. ಆದರೂ ಯಾರಾದರೂ "ಯಾವ ಬೆಟಾಲಿಯನ್?" ಎಂದರೆ ಮುಜುಗರ ಅಲ್ವಾ? ಉದ್ದ ಟೈಯಲ್ಲಿ ಬ್ರಿಟಿಷ್ ಪಟ್ಟೆ ಕಟ್ಟಿಕೊಂಡವರ ಎಡ ಭುಜದಿಂದ ಬಲಕ್ಕೆ ಇಳಿಯುತ್ತದೆ. ಅಮೆರಿಕದ ಬಟ್ಟೆ ಕಂಪನಿ ಬ್ರೂಕ್ಸ್ ಬ್ರದರ್ಸ್ ಆ ದಿಕ್ಕನ್ನೇ ತಿರುಗಿಸಿ ಎಲ್ಲರಿಗೂ ಮಾರಿತು. ಬೋ ಟೈಯ ಮಡಿಕೆಗಳಲ್ಲಿ ದಿಕ್ಕು ಅಷ್ಟಾಗಿ ಕಾಣುವುದಿಲ್ಲ, ಬಣ್ಣವೇ ಮಾತಾಡುತ್ತದೆ.

ಏನಾದರೂ ಬಿದ್ದರೆ ಒಣ ಬಟ್ಟೆ ಒತ್ತಿ ತೆಗೆಯಿರಿ, ಅಷ್ಟೇ. ಎಣ್ಣೆಯಾದರೆ ಟಾಲ್ಕಂ ಪೌಡರ್ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮೆತ್ತಗೆ ಕೊಡವಿ. ನಮ್ಮ ಹತ್ತಿರ ತಂದಾಗ ಏನು ಬಿತ್ತೆಂದು ಮುಚ್ಚಿಡದೆ ಹೇಳಿ. ಎಣ್ಣೆ ಕಲೆ ಡ್ರೈಕ್ಲೀನಿಂಗ್ ದ್ರವಕ್ಕೆ (ಸಾಲ್ವೆಂಟ್) ಬಿಡುತ್ತದೆ, ಜ್ಯೂಸಿನ ಸಕ್ಕರೆ ಬಿಡುವುದಿಲ್ಲ. ಸೆಂಟು ಮೊದಲು ಹಾಕಿ, ಟೈ ಆಮೇಲೆ. ಬಿಚ್ಚುವಾಗ ಒಂದೇ ತುದಿ ಹಿಡಿದು ಎಳೆಯಬೇಡಿ, ಕಟ್ಟಿದ ಕ್ರಮದಲ್ಲೇ ಹಿಂದಕ್ಕೆ ಬನ್ನಿ. ಸುಕ್ಕಿಗೆ ಇಸ್ತ್ರಿ ಒತ್ತಬೇಡಿ, ಅಂಚಿನ ಗುಂಡು ಚಪ್ಪಟೆಯಾಗುತ್ತದೆ. ದೂರದಿಂದ ಹಬೆ ಸಾಕು.

ಆ ಗಿರಾಕಿಗೆ ಒಂದು ಉಪಾಯ ಹೇಳಿಕೊಟ್ಟೆ. ಕಟ್ಟುವಾಗ ಮಚ್ಚೆ ಇರುವ ತುದಿಯನ್ನು ಉದ್ದ ಬಿಡಿ. ಗಿಡ್ಡ ತುದಿ ಮಡಿಸಿ ಮುಂದೆ ನಿಲ್ಲುತ್ತದೆ, ಉದ್ದನೆಯದು ಅದರ ಹಿಂದೆ ತೂರಿಕೊಳ್ಳುತ್ತದೆ. ಕನ್ನಡಿ ಮುಂದೆ ಎರಡು ಸಲ ಕಟ್ಟಿ ನೋಡಿದರು. ಮಚ್ಚೆ ಕಾಣಲಿಲ್ಲ.